ಮಾವನ ತ್ರಾಸು

ಮೊನ್ನೆ ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅಮೆರಿಕದಿಂದ ಫೋನು ಬಂತು. ಮಾತನಾಡಿದವನು ನನ್ನ ಸೋದರಮಾವನ ಮೊಮ್ಮಗ. ಅವನ ತಂದೆ ನನಗೆ ಭಾವನಾಗಬೇಕು. ಆ ಲೆಕ್ಕದಲ್ಲಿ ಇವನು ನನ್ನನ್ನು ‘ಮಾವ’ ಎನ್ನುತ್ತಾನೆ. ಇಪ್ಪತ್ತು ವರ್ಷಗಳಿಂದ ಮಿನೆಸೋಟ ರಾಜ್ಯದಲ್ಲಿದ್ದಾನೆ. ಹತ್ತು ಸಾವಿರ ಕೆರೆಗಳ ನಾಡೆಂದು ಅಲ್ಲಿಯವರು ಹೇಳಿಕೊಳ್ಳುವ ಸೀಮೆ ಅದು. ಬೇಸಿಗೆಯಲ್ಲಿ ಮೈದಾನದಲ್ಲಿ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವುದು, ಚಳಿ ಹತ್ತಿರವಾದಾಗ ಲೈಸೆನ್ಸು ಪಡೆದು ಬಾತುಕೋಳಿಯ ಬೇಟೆಗೆ ಹೋಗುವುದು ಅವನ ಹವ್ಯಾಸ. ಈಚೆಗೆ ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳಲು ಆರಂಭಿಸಿದ್ದಾನಂತೆ.

“ಮಾವಾ, ನಮ್ಮಜ್ಜ ತೋಟಾ ತುಂಬ್ತಿದ್ರಲ್ಲ, ಮದ್ದನ್ನ ತೂಕ ಮಾಡ್ತಿದ್ರಾ, ಇಲ್ಲ ಅಳತೆ ಮಾಡ್ತಿದ್ರಾ?” ಎಂದು ಕೇಳಿದ.

“ತೂಕ ಮಾಡ್ತಿದ್ರು ಕಣಪ್ಪ” ಎಂದೆ. ಅಷ್ಟು ಹೇಳಿ ಮುಂದೆ ಮಾತು ಹೊರಡಲಿಲ್ಲ. ಅರವತ್ತು ವರ್ಷಗಳಿಂದ ಯಾರೂ ಕೇಳದೆ ಉಳಿದಿದ್ದ ಪ್ರಶ್ನೆಗೆ ಇದು ಬಹಳ ಹತ್ತಿರದ ಪ್ರಶ್ನೆಯಾಗಿತ್ತು. ಆ ತೂಕದ ಕಡೆಯ ದಿನಗಳಲ್ಲಿ ಮಾವನ ಪಕ್ಕದಲ್ಲಿ ಕೂತಿದ್ದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ.

ಮಾವನ ಊರು ಸೂಳೆಕೆರೆಯ ಕೆಳಗಿನ ಬಯಲಿನಲ್ಲಿ. ಕಾಗದಪತ್ರಗಳಲ್ಲಿ ಈ ಕೆರೆಗೆ ಶಾಂತಿಸಾಗರವೆಂದು ಹೆಸರು. ನಮ್ಮ ಬಾಯಲ್ಲಿ ಎಂದೆಂದಿಗೂ ಸೂಳೆಕೆರೆಯೇ. ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರು ಕೆರೆಗೆ ಉಳಿಯಬೇಕೆಂದು ಕರಾರು ಮಾಡಿದರು, ಕೆರೆ ಕಟ್ಟಿಸಿದ ಶಾಂತವ್ವ ಒಪ್ಪಿದಳು ಎಂಬುದು ಐತಿಹ್ಯ. ಕೊಟ್ಟ ಮಾತನ್ನು ಸರ್ಕಾರ ಮರೆತರೂ ಜನ ಮರೆತಿಲ್ಲವೆನ್ನಬೇಕು. ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ಸಾವಿರ ಅಡಿಗೂ ಕಡಿಮೆಯಾದ ಏರಿ. ಅದರ ಹಿಂದೆ ಕಣ್ಣು ಮುಟ್ಟುವಷ್ಟು ದೂರ ನೀರು. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಕೆಳಗೆ ಭತ್ತ, ಅಡಿಕೆ, ತೆಂಗು. ಆಗಿನ್ನೂ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ.

ಚಳಿಗಾಲ ಬಂತೆಂದರೆ ಕೆರೆಯ ಹಿನ್ನೀರಿನ ಕಡೆ ಬಾತುಗಳು ಇಳಿಯುತ್ತಿದ್ದವು. ಸೂಜಿಬಾಲದ ಬಾತು, ಸಿಳ್ಳೆ ಬಾತು, ಅವುಗಳ ಜೊತೆಗೆ ನಾಮದ ಕೋಳಿಯ ಹಿಂಡು. ಅಂದು ಪರವಾನಗಿ ಇದ್ದವರು ಕಾಲ ನೋಡಿ ಬೇಟೆಯಾಡುವುದು ಅಪರಾಧವಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇನ್ನೂ ಬಂದಿರಲಿಲ್ಲ. ಅದಕ್ಕೆ 1991ರಲ್ಲಿ ತಿದ್ದುಪಡಿಯಾದ ಮೇಲಂತೂ ಹವ್ಯಾಸದ ಬೇಟೆಯೆಂಬುದೇ ನಮ್ಮ ದೇಶದಲ್ಲಿ ಮುಗಿದುಹೋಯಿತು. ಮುಗಿದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಆದರೆ ನಾನು ಹೇಳಹೊರಟಿರುವುದು ಅದಕ್ಕೆ ಹಿಂದಿನ ಕತೆ.

ಮಾವನ ಬಳಿ ಇದ್ದದ್ದು ಹನ್ನೆರಡು ಬೋರಿನ ಜೋಡುನಳಿಗೆಯ ಕೋವಿ. ಅವರ ತಂದೆಯ ಕಾಲದ್ದು. ಅದರ ನಳಿಗೆಯ ಮೇಲೆ ನೀರಿನ ಅಲೆಗಳಂಥ ಗೆರೆಗಳಿದ್ದವು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗಟ್ಟಿ, ಸಲಾಕೆಯ ಮೇಲೆ ಸುತ್ತಿ ಬೆಸೆದು ಮಾಡಿದ ಇಂಥ ನಳಿಗೆಗಳನ್ನು ಡಮಾಸ್ಕಸ್ ನಳಿಗೆಯೆನ್ನುತ್ತಾರೆ. ನೋಡಲು ಬಲು ಚಂದ. ಆದರೆ ಅವು ಕರಿಮದ್ದಿನ ಕಾಲಕ್ಕೆ ಹುಟ್ಟಿದವು.

ಕಂಪನಿಯ ತೋಟಾ ಆ ಕಾಲಕ್ಕೆ ದುಬಾರಿ. ಲೈಸೆನ್ಸಿನಲ್ಲಿ ಬರೆದಷ್ಟೇ ಸಿಗುತ್ತಿದ್ದವು. ಹಾಗಾಗಿ ಮಾವ ಹಿತ್ತಾಳೆಯ ತೋಟಾಗಳನ್ನು ಮತ್ತೆ ಮತ್ತೆ ತುಂಬುತ್ತಿದ್ದರು. ಹಳೆಯ ಕೇಪು ತೆಗೆದು ಹೊಸದನ್ನು ಕೂರಿಸುವುದು, ಮದ್ದು ಹಾಕುವುದು, ಅದರ ಮೇಲೆ ರಟ್ಟಿನ ಬಿಲ್ಲೆ, ಆಮೇಲೆ ಹಳೆಯ ಕಂಬಳಿಯಿಂದ ದುಂಡಗೆ ಕತ್ತರಿಸಿದ ದಪ್ಪ ಬಿಲ್ಲೆ, ಅದರ ಮೇಲೆ ಚರೆ, ಕಡೆಗೆ ಇನ್ನೊಂದು ರಟ್ಟು, ಅಂಚಿಗೆ ಮೇಣ. ಊರಿನ ಉಳಿದ ಕೋವಿಯವರು ಮದ್ದನ್ನು ಬಿದಿರಿನ ಅಂಡೆಯಲ್ಲೋ ಬೆರಳಳತೆಯಲ್ಲೋ ಹಾಕಿಕೊಳ್ಳುತ್ತಿದ್ದರು. ಮಾವ ಮಾತ್ರ ಅಕ್ಕಸಾಲಿಗರ ತ್ರಾಸಿನಲ್ಲಿ ತೂಗುತ್ತಿದ್ದರು. ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ದಾರ ಹಿಡಿದು, ಬಲಗೈಯ ಚಿಕ್ಕ ಚಮಚವನ್ನು ಉಗುರಿನಿಂದ ತಟ್ಟಿ ತಟ್ಟಿ ಕಾಳು ಕಾಳಾಗಿ ಬೀಳಿಸುತ್ತಿದ್ದರು. ಮುಳ್ಳು ನಡುವಿಗೆ ಬಂದು ನಿಲ್ಲುವವರೆಗೆ ಉಸಿರಾಡುತ್ತಿರಲಿಲ್ಲ. ಮೆಟ್ರಿಕ್ ತೂಕ ಜಾರಿಗೆ ಬಂದಿತ್ತಾದರೂ ಅವರ ಲೆಕ್ಕವೆಲ್ಲ ತೊಲ, ಗುಲಗಂಜಿಗಳಲ್ಲಿ. ಒಂದು ತೊಲವೆಂದರೆ ಸುಮಾರು 11.66 ಗ್ರಾಂ, ಅದಕ್ಕೆ 96 ಗುಲಗಂಜಿ. ಈಡೊಂದಕ್ಕೆ ಚರೆ ಎರಡೂಮುಕ್ಕಾಲು ತೊಲ, ಅಂದರೆ 32 ಗ್ರಾಂ. ಮದ್ದಿನ ತೂಕವನ್ನು ನಾನಿಲ್ಲಿ ಬರೆಯುವುದಿಲ್ಲ. ಓದಿದ ಯಾವನಾದರೂ ಹುಡುಗ ಪ್ರಯೋಗಕ್ಕೆ ಹೊರಟಾನೆಂಬ ಮೇಷ್ಟರ ಭಯ ಇನ್ನೂ ಹೋಗಿಲ್ಲ. ಆ ಭಯಕ್ಕೆ ಕಾರಣವೂ ಮುಂದೆ ತಿಳಿಯುತ್ತದೆ.

ಎಲ್ಲ ಹುಡುಗರಂತೆ ನನಗೂ ‘ಜೋರು ಈಡಿ’ನ ಹುಚ್ಚು. ಬಾತುಗಳು ದೂರದಲ್ಲಿ ಕೂರುತ್ತವೆ. ಮದ್ದು ಜಾಸ್ತಿ ಹಾಕಿದರೆ ಚರೆ ದೂರ ಹೋಗುವುದಿಲ್ಲವೆ? ಒಮ್ಮೆ ಕೇಳಿಯೇಬಿಟ್ಟೆ. ಮಾವ ಉತ್ತರ ಹೇಳಲಿಲ್ಲ. ಹಳೆಯ ‘ಪ್ರಜಾವಾಣಿ’ಯ ಹಾಳೆಗಳನ್ನು ಗೋಣಿತಾಟಿಗೆ ಅಂಟಿಸಿ, ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಆನಿಸಿ ನಿಲ್ಲಿಸಿದರು. ನಲವತ್ತು ಗಜ ಅಳೆದು ನಿಂತು, ಮಾಮೂಲಿನ ಒಂದು ಈಡು ಹೊಡೆದರು. ಹಾಳೆ ಬದಲಿಸಿ, ಮದ್ದನ್ನು ತುಸು ಹೆಚ್ಚು ಹಾಕಿದ ಇನ್ನೊಂದು ಈಡು ಹೊಡೆದರು. ಆಮೇಲೆ ದಾರ ಕಟ್ಟಿದ ಪೆನ್ಸಿಲಿನಿಂದ, ತೂತುಗಳು ದಟ್ಟವಾಗಿರುವ ಕಡೆ ಮೂವತ್ತು ಅಂಗುಲ ಅಗಲದ ವೃತ್ತ ಎಳೆದು, “ಎಣ್ಸು” ಎಂದರು. ನಮ್ಮ ಚರೆಯಲ್ಲಿ ಈಡಿಗೆ 190ರ ಆಸುಪಾಸು ಕಾಳುಗಳಿರುತ್ತಿದ್ದವು. ಮಾಮೂಲಿನ ಈಡಿನಲ್ಲಿ ವೃತ್ತದೊಳಗೆ ಬಿದ್ದವು ನೂರಕ್ಕೂ ಮೇಲೆ. ಜೋರು ಈಡಿನಲ್ಲಿ ಎಂಬತ್ತೂ ಇರಲಿಲ್ಲ. ನಟ್ಟನಡುವೆ ಒಂದು ಬಾತು ಸಲೀಸಾಗಿ ನುಸುಳಿ ಹೋಗುವಷ್ಟು ಬಯಲು. ಶೇಕಡಾವಾರು ಲೆಕ್ಕವನ್ನು ನಾನು ಶಾಲೆಯಲ್ಲಿ ಕಲಿತೆನೆಂದು ಹೇಳಿದರೆ ಸುಳ್ಳಾಗುತ್ತದೆ.

ಇದರ ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡತೊಡಗಿದಾಗ. ಸೀಸ ಮೆದು ಲೋಹ. ಹಿಂದಿನಿಂದ ಹಠಾತ್ತನೆ ಬಲವಾಗಿ ನೂಕಿದರೆ ಕೆಳಗಿನ ಕಾಳುಗಳು ಒಂದಕ್ಕೊಂದು ಒತ್ತಿ ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ಕಾಳು ನೆಟ್ಟಗೆ ಹಾರುವುದಿಲ್ಲ. ಇನ್ನು ವೇಗದ ಮಾತು. ದುಂಡನೆಯ ಸಣ್ಣ ಕಾಳಿಗೆ ಗಾಳಿಯೇ ದೊಡ್ಡ ವೈರಿ. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದಕ್ಕಿಂತ ಬೇಗ ಹೆಚ್ಚುತ್ತದೆ. ನಳಿಗೆಯ ಬಾಯಲ್ಲಿ ಸೆಕೆಂಡಿಗೆ ನೂರು ಅಡಿಯಷ್ಟು ವೇಗ ಹೆಚ್ಚಿಸಿದರೆ, ನಲವತ್ತು ಗಜ ತಲಪುವ ಹೊತ್ತಿಗೆ ಅದರಲ್ಲಿ ಉಳಿಯುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಉಳಿದದ್ದನ್ನು ಗಾಳಿ ತಿನ್ನುತ್ತದೆ. ಹೆಗಲಿಗೆ ಬೀಳುವ ಒದೆಯನ್ನು ಮಾತ್ರ ಯಾವ ಗಾಳಿಯೂ ತಿನ್ನುವುದಿಲ್ಲ. ಒಲಿಂಪಿಕ್ಸಿನ ಗುರಿ ಸ್ಪರ್ಧೆಗಳಲ್ಲಿ ಚರೆಯ ತೂಕವನ್ನು 24 ಗ್ರಾಮಿಗೆ ಇಳಿಸಿದ್ದಾರೆ. ನಮ್ಮ ಮಾವನ ಈಡಿನ ಮುಕ್ಕಾಲು ಪಾಲು ಅದು. ಅಷ್ಟರಲ್ಲೇ ರಾಜ್ಯವರ್ಧನ ಸಿಂಗ್ ರಾಥೋಡ್ 2004ರಲ್ಲಿ ಅಥೆನ್ಸಿನಿಂದ ಬೆಳ್ಳಿಯ ಪದಕ ತಂದರು. ಅಂದು ದೂರದರ್ಶನದ ಮುಂದೆ ಕೂತು ನಾನು ಪದಕಕ್ಕಿಂತ ಹೆಚ್ಚಾಗಿ ಆ ಗೋಣಿತಾಟನ್ನು ನೆನೆದೆ.

ಕಣ್ಣಾರೆ ಕಂಡು, ಕೈಯಾರೆ ಎಣಿಸಿಯೂ ನನ್ನ ಹುಚ್ಚು ಹೋಗಲಿಲ್ಲ. ತಪ್ಪು ಮದ್ದಿನದು, ಕಂಪನಿಯ ಮದ್ದಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

1963ರ ಮಳೆಗಾಲದಲ್ಲಿ ಮಾವನಿಗೆ ಚಿಕ್ಕಮಗಳೂರು ಕಡೆಯ ಪರಿಚಿತ ಪ್ಲಾಂಟರೊಬ್ಬರು ಅಮೆರಿಕದಲ್ಲಿ ತಯಾರಾದ ಇಪ್ಪತ್ತೈದು ತೋಟಾಗಳ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ಅವುಗಳಲ್ಲಿದ್ದದ್ದು ಹೊಗೆಯಿಲ್ಲದ ಮದ್ದು. ಹಳೆಯ ನಳಿಗೆಗೆ ಇದು ಬೇಡವೆಂದು ಮಾವ ಅದನ್ನು ಅಟ್ಟದಲ್ಲಿಟ್ಟರು. ಸೋರುವ ಹೆಂಚಿನಡಿ ಕಾಗದದ ತೋಟಾಗಳು ಉಬ್ಬಿಹೋದವು. ಚರೆಯಾದರೂ ಉಪಯೋಗವಾಗಲಿ ಎಂದು ಬಿಚ್ಚಿಸಿ, “ಈ ಮದ್ದನ್ನ ಗದ್ದೆಗೆ ಚೆಲ್ಲಿಬಿಡು, ಒಲೆ ಹತ್ರ ತರಬೇಡ” ಎಂದು ನನಗೆ ಹೇಳಿದರು. ನಾನು ಚೆಲ್ಲಲಿಲ್ಲ. ನೆರಳಿನಲ್ಲಿ ಆರಿಸಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ, ಅಡಿಕೆ ಚೀಲಗಳ ಸಂದಿಯಲ್ಲಿ ಬಚ್ಚಿಟ್ಟೆ.

ಪೆಟ್ಟಿಗೆಯ ಮೇಲೆ ಮೂರು ಅಂಕಿಗಳಿದ್ದವು. ಎರಡನೆಯದು ಚರೆಯ ತೂಕ, ಮೂರನೆಯದು ಚರೆಯ ನಂಬರು. ಮೊದಲನೆಯದರ ಪಕ್ಕ ‘ಡ್ರಾಂ’ ಎಂಬುದರ ಸಂಕ್ಷೇಪವೂ ಅದರ ಮುಂದೆ ಇನ್ನೊಂದು ಚಿಕ್ಕ ಸಂಕ್ಷೇಪವೂ ಇದ್ದವು. ಡ್ರಾಂ ಎಂದರೆ ತೂಕವೆಂದು ಹಿಂದಿನ ವರ್ಷ ಶಾಲೆಯ ಕೋಷ್ಟಕದಲ್ಲಿ ಓದಿದ್ದೆ. ತೊಲಕ್ಕೆ ಪರಿವರ್ತಿಸಿ ನೋಡಿದೆ. ಮಾವ ಕರಿಮದ್ದನ್ನು ಎಷ್ಟು ತೂಗುತ್ತಿದ್ದರೋ ಹೆಚ್ಚುಕಡಿಮೆ ಅಷ್ಟೇ ಬಂತು. ಅಲ್ಲಿಗೆ ನನ್ನ ಲೆಕ್ಕ ಸರಿಯೆಂದು ಖಾತ್ರಿಯಾಯಿತು. ಮುಂದಿನ ಆ ಚಿಕ್ಕ ಸಂಕ್ಷೇಪದ ಅರ್ಥ ‘ಸಮಾನ’ ಎಂದು. ಇಷ್ಟು ಡ್ರಾಂ ಕರಿಮದ್ದು ಕೊಡುವ ವೇಗಕ್ಕೆ ಈ ತೋಟಾದ ವೇಗ ಸಮಾನ, ಒಳಗಿರುವ ಮದ್ದಿನ ತೂಕ ಬೇರೆಯೇ, ಅದರ ಅರ್ಧಕ್ಕೂ ಕಡಿಮೆ ಎಂಬುದು ಅದರ ಇಂಗಿತ. ಅಂಕಿ ಓದಿದೆ, ಅದರ ಪಕ್ಕದ ಎರಡಕ್ಷರ ಬಿಟ್ಟೆ. ಮುಂದೆ ಮೂವತ್ತಮೂರು ವರ್ಷ ಮೇಷ್ಟರಾಗಿದ್ದಾಗ ಪ್ರಶ್ನೆಪತ್ರಿಕೆಯನ್ನು ಅರ್ಧ ಓದಿ ಉತ್ತರ ಬರೆದ ಮಕ್ಕಳನ್ನು ನಾನು ಗದರಿಸಿದ್ದು ಕಡಿಮೆ. ಕಾರಣ ಅವರಿಗೆ ಗೊತ್ತಿರಲಿಲ್ಲ.

ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಮಸಿಯಾಗಿ, ಹೊಗೆಯ ಕಣಗಳಾಗಿ ಘನರೂಪದಲ್ಲೇ ಉಳಿಯುತ್ತದೆ. ಹೊಗೆಯಿಲ್ಲದ ಮದ್ದು ಬಹುಪಾಲು ಪೂರ್ತಿ ಅನಿಲವಾಗುತ್ತದೆ. ಅಲ್ಲದೆ ಒತ್ತಡ ಏರಿದಂತೆಲ್ಲ ಇನ್ನೂ ಬೇಗ ಉರಿಯುತ್ತದೆ. ಇದನ್ನು ಅದರ ತೂಕಕ್ಕೆ ಹಾಕುವುದೆಂದರೆ ನಳಿಗೆಯನ್ನು ಸೀಳಲು ಸಿದ್ಧತೆ ಮಾಡಿದಂತೆಯೇ ಸರಿ.

1964ರ ಜನವರಿ. ಸಂಕ್ರಾಂತಿಯ ರಜೆ. ರಾತ್ರಿ ಹತ್ತು ತೋಟಾ ತುಂಬುವುದಿತ್ತು. ಎಂಟಾಗುವ ಹೊತ್ತಿಗೆ ಮಾವ ತೂಕಡಿಸಿ, “ಉಳಿದೆರಡನ್ನ ನೀನೇ ತುಂಬಪ್ಪ, ಕೈ ನಡುಗಿಸಬೇಡ” ಎಂದು ಹೇಳಿ ಮಲಗಲು ಹೋದರು. ಮೊದಲ ಬಾರಿಗೆ ತ್ರಾಸು ನನ್ನ ಕೈಗೆ ಬಂದಿತ್ತು. ಹಾರ್ಲಿಕ್ಸ್ ಬಾಟಲಿ ತಂದೆ. ತೂಕವೇನೋ ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ; ಮುಳ್ಳು ನಟ್ಟನಡುವೆ ನಿಂತಿತ್ತು. ಮದ್ದು ಹಗುರವಾದ್ದರಿಂದ ತೋಟಾದಲ್ಲಿ ಮೇಲಕ್ಕೆ ಬಂತು. ಕಂಬಳಿಯ ಬಿಲ್ಲೆಗಳಲ್ಲಿ ಒಂದನ್ನು ಬಿಟ್ಟೆ. ಗುರುತಿಗೆಂದು ಆ ಎರಡರ ಮೇಣಕ್ಕೆ ಉಗುರಿನಿಂದ ಗೀರು ಹಾಕಿದೆ. ಬಾತು ಬಿದ್ದ ಮೇಲೆ ಗುಟ್ಟು ಹೇಳಿ ಮಾವನನ್ನು ಬೆರಗುಗೊಳಿಸಬೇಕೆಂದು ನನ್ನ ಯೋಜನೆ.

ಬೆಳಗಿನ ಜಾವ ಜೊಂಡಿನ ಮರೆಯಲ್ಲಿ ಮಾವ ಕೂತಿದ್ದರು. ಹತ್ತು ಮಾರು ಹಿಂದೆ ನಾನು. ಭಾವ ಆಚೆ ದಡದಲ್ಲಿ ತೆಪ್ಪದವನ ಜೊತೆ. ಮಂಜು ಹರಿಯುತ್ತಿತ್ತು. ಮೊದಲ ಎರಡು ಈಡು ಎಂದಿನಂತೆ ‘ಧಂ’ ಎಂದು ಬಿಳಿಯ ಹೊಗೆ ಉಗುಳಿದವು. ಮೂರನೆಯ ಸಲ ಹೊಗೆ ಕಾಣಲಿಲ್ಲ. ಸದ್ದು ಬೇರೆಯಾಗಿತ್ತು, ಒಣಗಿದ ಬಿದಿರು ಸೀಳಿದಂತೆ. ಮಾವ ಕೂಗಲಿಲ್ಲ. ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿದರು. ಎಡ ನಳಿಗೆ ಬುಡದ ಹತ್ತಿರ ಸಿಪ್ಪೆ ಸುಲಿದಂತೆ ಬಿಚ್ಚಿಕೊಂಡಿತ್ತು.

ಎತ್ತಿನ ಗಾಡಿಯಲ್ಲಿ ಚನ್ನಗಿರಿಗೆ, ಅಲ್ಲಿಂದ ಯಾರದೋ ಜೀಪಿನಲ್ಲಿ ದಾವಣಗೆರೆಗೆ. ಜೀವಕ್ಕೇನೂ ಆಗಲಿಲ್ಲ. ತೋರುಬೆರಳೂ ನಡುಬೆರಳೂ ಹೋದವು. ಹಳೆಯ ಕೋವಿ, ಒಳಗೆ ತುಕ್ಕು ಹಿಡಿದಿತ್ತು ಎಂದು ನೋಡಿದವರೆಲ್ಲ ಹೇಳಿದರು; ಮಾವನೂ ಹಾಗೆಯೇ ಹೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆನೆಂದರೆ ಪೂರ್ತಿ ನಿಜವಲ್ಲ. ಅವರನ್ನು ಗಾಡಿಗೆ ಹತ್ತಿಸುವ ಗಡಿಬಿಡಿಯಲ್ಲಿ, ಜೊಂಡಿನಲ್ಲಿ ಬಿದ್ದಿದ್ದ ತೋಟಾ ಪಟ್ಟಿಯಿಂದ ಗೀರು ಹಾಕಿದ್ದ ಇನ್ನೊಂದು ತೋಟಾವನ್ನು ಹುಡುಕಿ ತೆಗೆದು ಕೆರೆಗೆ ಎಸೆದೆ. ಹದಿನೈದು ವರ್ಷದ ಹುಡುಗನಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ! ಆ ಬುದ್ಧಿ ಹಿಂದಿನ ರಾತ್ರಿ ಬಂದಿದ್ದರೆ ಚೆನ್ನಾಗಿತ್ತು.

ಮಾವ ಮತ್ತೆ ಕೋವಿ ಮುಟ್ಟಲಿಲ್ಲ. ಲೈಸೆನ್ಸು ಹಿಂದಿರುಗಿಸಿದರು. ತೋಟ, ಗದ್ದೆ ನೋಡಿಕೊಂಡು ಇನ್ನೂ ಇಪ್ಪತ್ತೆರಡು ವರ್ಷ ಬದುಕಿದರು. ನನಗೆ ಶಿಕ್ಷಕನ ಕೆಲಸ ಸಿಕ್ಕ ವರ್ಷ, ಕಾಲಿಗೆ ನಮಸ್ಕರಿಸಲು ಹೋದಾಗ ತ್ರಾಸಿನ ಮರದ ಪೆಟ್ಟಿಗೆಯನ್ನು ತಂದುಕೊಟ್ಟರು. “ದಾರ ಹಿಡಿಯೋಕೆ ನನಗೆ ಬೆರಳಿಲ್ಲ. ನಿಂದು ನಿಧಾನದ ಕೈ. ಮಕ್ಕಳಿಗೆ ತೋರ್ಸು” ಎಂದರು. ಅಂದು ಹೇಳಬೇಕೆಂದು ಬಾಯಿ ತೆರೆದೆ. ಅತ್ತೆ ಹೋಳಿಗೆಯ ತಟ್ಟೆ ತಂದಿಟ್ಟರು. ಹೇಳಲಿಲ್ಲ. ಮೂವತ್ತಮೂರು ವರ್ಷ ಆ ತ್ರಾಸು ನನ್ನ ತರಗತಿಗಳಲ್ಲಿ ಇತ್ತು. ಎಷ್ಟು ಮಕ್ಕಳು ಅದರಲ್ಲಿ ಉಪ್ಪು, ಸಕ್ಕರೆ, ಮರಳು ತೂಗಿ ಸಾಂದ್ರತೆಯ ಪಾಠ ಕಲಿತರೋ!

ಇದಿಷ್ಟೂ ಫೋನು ಹಿಡಿದು ನಿಂತಿದ್ದಾಗ ನನ್ನ ಮುಂದೆ ಹಾದುಹೋಯಿತು. ಅತ್ತ ಅಳಿಯ ತನ್ನ ಉತ್ಸಾಹದಲ್ಲಿ ಮಾತನಾಡುತ್ತಲೇ ಇದ್ದ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷಿದ್ಧ. ಕೆರೆಯ ತಳಕ್ಕೆ ಬಿದ್ದ ಸೀಸದ ಕಾಳುಗಳನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತಿದ್ದವು. (ಸೂಳೆಕೆರೆಯ ಕೆಸರಿನಲ್ಲಿ ನಮ್ಮ ಮಾವನ ಚರೆಯೂ ಇರಬೇಕಲ್ಲ ಎಂದು ಕೇಳುವಾಗಲೇ ಅನ್ನಿಸಿತು.) ಈಗ ಅವರು ಬಳಸುವುದು ಉಕ್ಕಿನ ಚರೆ. ಸೀಸ ನೀರಿಗಿಂತ 11.3 ಪಟ್ಟು ಭಾರ, ಉಕ್ಕು 7.8 ಪಟ್ಟು ಮಾತ್ರ. ಹಗುರ ಕಾಳು ಬೇಗ ಸೊರಗುತ್ತದೆ. ಆದ್ದರಿಂದ ಕಾಳನ್ನು ದೊಡ್ಡದು ಮಾಡಬೇಕು, ಇಲ್ಲವೆ ವೇಗ ಹೆಚ್ಚಿಸಬೇಕು. ಅವನಿಗೆ ವೇಗದ ಮೇಲೆ ಕಣ್ಣು. ಸೆಕೆಂಡಿಗೆ ಸಾವಿರದ ಆರುನೂರು ಅಡಿ ದಾಟಿಸಬೇಕೆಂದಿದ್ದಾನೆ. ಗ್ರೈನಿನ ಹತ್ತನೆಯ ಒಂದು ಭಾಗ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡಿದ್ದಾನೆ. ಒಂದು ಗುಲಗಂಜಿಯನ್ನು ಸುಮಾರು ಹತ್ತೊಂಬತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು ಅದು! ಕೈಪಿಡಿಯಲ್ಲಿ ಕೊಟ್ಟ ಮಿತಿಗಿಂತ ತುಸು ಮೇಲೆ ಹೋದರೆ ಏನಾಗುತ್ತದೆಂದು ನೋಡಬೇಕು, ತೂಕ ಇಷ್ಟು ಕರಾರುವಾಕ್ಕಾಗಿರುವಾಗ ಭಯವೇನು ಎಂದ.

ಆಗ ಹೇಳಿದೆ. ಹಾರ್ಲಿಕ್ಸ್ ಬಾಟಲಿಯಿಂದ ಕೆರೆಗೆ ಎಸೆದ ತೋಟಾದವರೆಗೆ, ಒಂದೂ ಬಿಡದೆ. ತೂಕ ನನ್ನದೂ ಕರಾರುವಾಕ್ಕಾಗಿತ್ತು, ಅವತ್ತು ಮುಳ್ಳು ಕೂದಲೆಳೆಯಷ್ಟೂ ವಾಲಿರಲಿಲ್ಲ ಎಂದೆ.

ಬಹಳ ಹೊತ್ತು ಸದ್ದಿಲ್ಲ. ಫೋನು ಕಡಿದುಹೋಯಿತೆಂದುಕೊಂಡೆ. ಆಮೇಲೆ, “ಅಪ್ಪನಿಗೆ ಗೊತ್ತಾ ಮಾವ?” ಎಂದ. ಇಲ್ಲವೆಂದೆ. “ನೀವೇ ಹೇಳಿ. ನನ್ನಿಂದ ಹೇಳಿಸಬೇಡಿ” ಎಂದ. ಕೈಪಿಡಿಯ ಮಿತಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಾನೂ ಮಾತು ತೆಗೆದುಕೊಳ್ಳಲಿಲ್ಲ.

ಕಳೆದ ಭಾನುವಾರ ಪೆಟ್ಟಿಗೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಭಾವನಿಗೆ ಈಗ ಎಂಬತ್ತು. ಜಗಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ಹೇಳಿ ಮುಗಿಸಿದೆ. ಅವರು ಕೈಯಲ್ಲಿದ್ದ ಅಡಿಕೆಯನ್ನು ಮೊರಕ್ಕೆ ಹಾಕಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಆವತ್ತು ತೋಟಾ ಪಟ್ಟಿ ಮನೆಗೆ ತಂದೋನು ನಾನೇ. ಎಣಿಸಿದೆ. ಆರು ಇದ್ವು, ಏಳಿರಬೇಕಿತ್ತು. ನೀರಿಗೆ ಬಿತ್ತೇನೋ ಅಂದ್ಕೊಂಡು ಬಿಟ್ಟೆ” ಎಂದರು.

ಸ್ವಲ್ಪ ಹೊತ್ತಿನ ಮೇಲೆ, “ಅಪ್ಪ ಇದ್ದಾಗ ಹೇಳಬೇಕಿತ್ತು ಕಣಯ್ಯ” ಎಂದರು.

ಹೌದೆಂದೆ. ತ್ರಾಸಿನ ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅವರು ತೆರೆದು ನೋಡಲಿಲ್ಲ. ಮಗ ಡಿಸೆಂಬರಿನಲ್ಲಿ ಬರುತ್ತಾನೆ, ಬೇಕೆಂದರೆ ಒಯ್ಯಲಿ ಎಂದು ಹೇಳಿ, ಒಳಗಿನಿಂದ ಸೊಸೆಯನ್ನು ಕರೆದು ಪೆಟ್ಟಿಗೆಯನ್ನು ಬೀರುವಿನ ಮೇಲಿಡಲು ಹೇಳಿದರು. ನಾಲ್ಕೂವರೆಯ ಬಸ್ಸಿಗೆ ಹಿಂದಿರುಗಿದೆ.